ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಅಮಾವಾಸ್ಯೆವರೆಗೆ: ಖಾಲಿ ಅಂಗಡಿಯ 30 ದಿನ

ಪ್ರಶ್ನೆ: ಗಂಗಾವತಿಯಲ್ಲಿ ನನ್ನದೊಂದು ಚಿಕ್ಕ ಟೇಲರಿಂಗ್ ಅಂಗಡಿ. ಬ್ಲೌಸ್ ಹೊಲಿಗೆ, ಸೀರೆಗೆ ಫಾಲ್, ಕುಚ್ಚು, ಸ್ವಲ್ಪ ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಮಾಡುತ್ತೇವೆ. ಜೊತೆಗೆ ಇಬ್ಬರು ಹುಡುಗಿಯರಿದ್ದಾರೆ. ಮದುವೆ ಸೀಸನ್‌ನಲ್ಲಿ ರಾತ್ರಿ 11ರವರೆಗೂ ಮಷಿನ್ ಓಡುತ್ತದೆ. ಕಾರಹುಣ್ಣಿಮೆ ದಾಟಿತು ಅಂದರೆ ಮುಗೀತು. ಆಷಾಢ ಕಳೆಯುವವರೆಗೆ ದಿನಕ್ಕೆ ಒಂದು ಜಂಪರ್ (ಬ್ಲೌಸ್) ಬಂದರೆ ದೊಡ್ಡದು. ಬಾಡಿಗೆ, ಹುಡುಗಿಯರ ಸಂಬಳ ಮಾತ್ರ ನಿಲ್ಲುವುದಿಲ್ಲ. ಆನ್‌ಲೈನ್‌ನಲ್ಲಿ ಏನಾದರೂ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಇನ್‌ಸ್ಟಾಗ್ರಾಂ ಪೇಜ್ ಮಾಡಿ 8 ತಿಂಗಳಾಯಿತು. 214 ಫಾಲೋವರ್ಸ್ ಇದ್ದಾರೆ, ಒಂದು ಆರ್ಡರ್ ಕೂಡ ಬಂದಿಲ್ಲ. ಆಷಾಢಕ್ಕೆ ಶೇ. 20 ಆಫರ್ ಹಾಕಲಾ? ತಿಂಗಳಿಗೆ 6,000 ಕೊಟ್ಟರೆ ಪೇಜ್ ನೋಡಿಕೊಳ್ಳುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. ಕೊಡಲಾ? ನನ್ನ ರೇಟು: ಸಾದಾ ಬ್ಲೌಸ್ 250, ಲೈನಿಂಗ್ ಹಾಕಿದ್ದು 450, ಕುಚ್ಚು 300ರಿಂದ ಶುರು.

ಉತ್ತರ: ಎರಡಕ್ಕೂ ಬೇಡ ಅನ್ನುತ್ತೇನೆ. ಆಫರ್ ಬೇಡ, 6,000 ಕೊಡುವುದೂ ಬೇಡ. ಆದರೆ ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಅಮಾವಾಸ್ಯೆವರೆಗಿನ ಆಷಾಢದ ಈ ಖಾಲಿ ದಿನಗಳನ್ನು ಸುಮ್ನೆ ಕಳೆಯುವುದೂ ಬೇಡ. ಇಡೀ ವರ್ಷದಲ್ಲಿ ನಿಮಗೆ ಧೈರ್ಯವಾಗಿ ಪ್ರಯೋಗ ಮಾಡಲು ಸಿಗುವುದು ಇದೊಂದೇ ತಿಂಗಳು. ಮಾಘ ಮಾಸದಲ್ಲಿ ಒಂದು ವಿಡಿಯೋ ಕೆಟ್ಟರೆ, ಅದಕ್ಕೆ ಕಳೆದ ಒಂದು ಗಂಟೆಯಲ್ಲಿ ಒಂದು ಜಂಪರ್ ಹೊಲಿಯಬಹುದಿತ್ತು ಅಂತ ಹೊಟ್ಟೆ ಉರಿಯುತ್ತದೆ. ಆಷಾಢದಲ್ಲಿ ಅದೇ ಒಂದು ಗಂಟೆಗೆ ಬೆಲೆ ಇಲ್ಲ. ತಪ್ಪು ಮಾಡುವುದಿದ್ದರೆ ಈಗಲೇ ಮಾಡಿ ಮುಗಿಸಬೇಕು.

ಮೊದಲು ಆಫರ್ ಲೆಕ್ಕ ನೋಡೋಣ. 450 ರೂಪಾಯಿಯ ಲೈನಿಂಗ್ ಬ್ಲೌಸ್‌ನಲ್ಲಿ ಬಟ್ಟೆ, ದಾರ, ಹುಕ್ಕು, ಹುಡುಗಿಯ ಕೂಲಿ, ಕರೆಂಟು ಎಲ್ಲಾ ಕಳೆದು ನಿಮ್ಮ ಕೈಗೆ 150 ಉಳಿಯುತ್ತದೆ ಅಂದುಕೊಳ್ಳಿ. ಶೇ. 20 ಅಂದರೆ 90 ರೂಪಾಯಿ. ಅದು ಹೋಗುವುದು ಬಟ್ಟೆ ದುಡ್ಡಿನಿಂದ ಅಲ್ಲ, ನಿಮ್ಮ 150ರಿಂದ. ಉಳಿಯಿತು 60. ಮೊದಲು 2 ಜಂಪರ್‌ಗೆ ಸಿಗುತ್ತಿದ್ದ 300 ರೂಪಾಯಿಗೆ ಈಗ 5 ಜಂಪರ್ ಹೊಲಿಯಬೇಕು. ಅಷ್ಟು ಗಿರಾಕಿ ಬರುತ್ತಾರಾ? ಬರುವುದಿಲ್ಲ. ಯಾಕಂದರೆ ಅವರು ನಿಂತಿರುವುದು ನಿಮ್ಮ ರೇಟಿಗೆ ಹೆದರಿ ಅಲ್ಲ. ಆಷಾಢದಲ್ಲಿ ಮದುವೆ ಮುಹೂರ್ತ ಇಲ್ಲ. ಜೊತೆಗೆ ನಮ್ಮ ಕಡೆ ದುಡ್ಡು ಇರುವುದು ಭತ್ತದಲ್ಲಿ. ಜುಲೈ ಹೊತ್ತಿಗೆ ಕಾಲುವೆಗೆ ನೀರು ಬಿಡುತ್ತಾರೆ ಅನ್ನುವಾಗ ಮನೆಯ ದುಡ್ಡೆಲ್ಲ ಬೀಜ, ಗೊಬ್ಬರ, ನಾಟಿ ಕೂಲಿಗೆ ಹೋಗಿರುತ್ತದೆ. ಇದಕ್ಕೆ ನಿಮ್ಮ 90 ರೂಪಾಯಿ ಏನು ಮಾಡೀತು? ಇನ್ನೊಂದು ಕಷ್ಟ ಇದೆ. ಒಮ್ಮೆ 360ಕ್ಕೆ ಹೊಲಿಸಿಕೊಂಡವರು ಶ್ರಾವಣದಲ್ಲೂ 360 ಅಂತಲೇ ಕೇಳುತ್ತಾರೆ.

ಅಧಿಕ ಮಾಸ ಬರುವ ವರ್ಷ ಈ ಖಾಲಿ ದಿನ ಇನ್ನೂ ಜಾಸ್ತಿ. 2023ರಲ್ಲಿ ಅಧಿಕ ಶ್ರಾವಣ ಬಂದು ಆಷಾಢಕ್ಕೆ ಇನ್ನೊಂದು ತಿಂಗಳು ಸೇರಿತು, ನಾಗರ ಪಂಚಮಿ ಆಗಸ್ಟ್ 21ಕ್ಕೆ ಹೋಯಿತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಗೋಡೆಯ ಕ್ಯಾಲೆಂಡರ್ ನೋಡಿ ಇಂಥ ದಿನಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಅಧಿಕ ಮಾಸದಲ್ಲಿ ಮದುವೆ ಇಲ್ಲ ನಿಜ, ಆದರೆ ಮಗಳು ಅಳಿಯನನ್ನು ಕರೆದು ಬಾಗಿನ ಕೊಡುವ ಮನೆಗಳು ಬೇಕಾದಷ್ಟಿವೆ. ಬಾಗಿನ ಅಂದ ಮೇಲೆ ಸೀರೆ, ಕಣ (ಜಂಪರ್ ಬಟ್ಟೆ) ಬಂದೇ ಬರುತ್ತದೆ, ಅಲ್ವಾ?

ಇಲ್ಲಿಂದಲೇ ನನ್ನ ಮುಖ್ಯ ಮಾತು ಶುರುವಾಗುತ್ತದೆ. ಖಾಲಿ ತಿಂಗಳಲ್ಲಿ ಗಿರಾಕಿ ಇರುವುದಿಲ್ಲ ಅನ್ನುತ್ತೇವೆ. ಗಿರಾಕಿ ಎಲ್ಲಿಗೂ ಹೋಗಿರುವುದಿಲ್ಲ. ಆಷಾಢದಲ್ಲಿ ಅವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಒಮ್ಮೆ ಯೋಚಿಸಿ. ಹೋದ ಮಾಘದಿಂದ ವೈಶಾಖದವರೆಗೆ ನೀವು ಮದುವೆ ಜಂಪರ್ ಹೊಲಿದುಕೊಟ್ಟ ಹುಡುಗಿಯರೆಲ್ಲ ಈಗ ತವರುಮನೆಯಲ್ಲಿದ್ದಾರೆ! ಮೊದಲ ಆಷಾಢ. ತಿಂಗಳಿಡೀ ಅವ್ವನ ಮನೆ. ಕೈಯಲ್ಲಿ ಫೋನು, ಬೇಕಾದಷ್ಟು ಹೊತ್ತು. ಮದುವೆಯಲ್ಲಿ ಬಂಧುಗಳು ಕೊಟ್ಟ ಸೀರೆಗಳು ಬೀರುವಿನಲ್ಲಿ ಮಡಚಿಟ್ಟಂತೆಯೇ ಕೂತಿವೆ. ಅದರ ಜಂಪರ್ ಬಟ್ಟೆ ಇನ್ನೂ ಸೀರೆಯಿಂದ ಕತ್ತರಿಸಿಯೇ ಇಲ್ಲ. ಫಾಲ್ ಇಲ್ಲ, ಕುಚ್ಚು ಇಲ್ಲ. ನಿಮ್ಮ ಮೊದಲ ಪ್ರಯೋಗ ಇಲ್ಲಿ.

ನಿಮ್ಮ ಆರ್ಡರ್ ಪುಸ್ತಕ ತೆಗೆಯಿರಿ. ಮದುವೆ ಕೆಲಸ ಮಾಡಿಸಿದವರ ಹೆಸರು, ನಂಬರು ಒಂದು ಹಾಳೆಗೆ ಇಳಿಸಿ. 20 ಸಿಕ್ಕರೂ ಸಾಕು. ಎಲ್ಲರಿಗೂ ಒಂದೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಒಬ್ಬೊಬ್ಬರಿಗೇ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿ, ನೀವು ಅಂಗಡಿಯಲ್ಲಿ ಮಾತಾಡುವ ಹಾಗೇ: "ಹೆಂಗದೀಯವ್ವಾ? ಮದುವ್ಯಾಗ ಬಂದ ಸೀರಿಯೊಳಗ ಜಂಪರ್ ಹೊಲಿಸಲಾರದ್ದು ಎಷ್ಟ ಅದಾವ? ಒಂದರ ಫೋಟೋ ಕಳಸು. ಯಾವ ಕುತ್ತಿಗಿ ಒಪ್ಪತೈತಿ, ಎಂಥಾ ತೋಳು ಚಂದ ಕಾಣತೈತಿ ನಾ ಹೇಳ್ತೀನಿ." ಅಷ್ಟೇ. ರೇಟು ಹೇಳಬೇಡಿ, ಬಾ ಅಂತಲೂ ಕರೆಯಬೇಡಿ.

ಫೋಟೋ ಬಂತು ಅನ್ನಿ. ಹಳೇ ಪೇಪರ್ ಮೇಲೆ ಚಾಕ್‌ನಿಂದ ಆ ಕುತ್ತಿಗೆ ಬರೆದು, ಪಕ್ಕದಲ್ಲಿ ಅದೇ ಬಣ್ಣದ ದಾರದ ಉಂಡೆ ಇಟ್ಟು, ಅರ್ಧ ನಿಮಿಷದ ವಿಡಿಯೋ ಮಾಡಿ ಅವಳಿಗೆ ಕಳಿಸಿ. ಇದು ನಿಮಗೆ 5 ನಿಮಿಷದ ಕೆಲಸ. ಅವಳಿಗೆ ಮಾತ್ರ ಅದು ತನ್ನ ಸೀರೆಗೇ ಅಂತ ಮಾಡಿದ ವಿಡಿಯೋ. ಅವ್ವನಿಗೆ, ತಂಗಿಗೆ, ಪಕ್ಕದ ಮನೆಯವರಿಗೆ ತೋರಿಸದೆ ಇರುವುದಿಲ್ಲ. 20 ಜನರಲ್ಲಿ ನಾಲ್ಕೈದು ಜನ ಫೋಟೋ ಕಳಿಸಿದರೂ ನಿಮಗೆ ಎರಡು ಲಾಭ. ಒಂದು, ಅದರಲ್ಲಿ ಕೆಲವರು ಸೀರೆ ತಂದೇ ತರುತ್ತಾರೆ. ಇನ್ನೊಂದು, ಹೆಣ್ಣುಮಕ್ಕಳು ನಿಜಕ್ಕೂ ಏನು ಕೇಳುತ್ತಾರೆ ಅನ್ನುವುದು ನಿಮ್ಮ ಕೈಗೆ ಸಿಗುತ್ತದೆ. ಇಳಕಲ್ ಸೀರೆಗೆ ಕಣವೇ ಹೊಲಿಸಬೇಕಾ, ಬೇರೆ ಬಟ್ಟೆ ನಡೆಯುತ್ತದಾ? ತೋಳು ದಪ್ಪ ಇದ್ದರೆ ಎಲ್ಲಿಯವರೆಗೆ ಇಳಿಸಬೇಕು? ಬಾಣಂತನ ಆದ ಮೇಲೆ ಮದುವೆ ಜಂಪರ್ ಹಿಡಿಸುತ್ತಿಲ್ಲ, ಏನು ಮಾಡಲಿ? ಈ ಒಂದೊಂದು ಪ್ರಶ್ನೆಯೂ ಒಂದು ವಿಡಿಯೋ. ಇನ್‌ಸ್ಟಾಗ್ರಾಂಗೆ ಏನು ಹಾಕಲಿ ಅಂತ ತಲೆ ಕೆರೆದುಕೊಳ್ಳುವ ಕೆಲಸವೇ ಇಲ್ಲ.

ಆ ಕೊನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಬಿಗಿಯಾದ ಜಂಪರ್ ಒಳಮಗ್ಗುಲು ತಿರುಗಿಸಿ ಫೋನಿನ ಹತ್ತಿರ ಹಿಡಿಯಿರಿ. ಪಕ್ಕೆಯಲ್ಲಿ ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆ, ಅದರಾಚೆ ಬಿಟ್ಟ ಬಟ್ಟೆ. ಬಹಳ ಜನಕ್ಕೆ ಆ ಸಾಲುಗಳು ಯಾಕಿವೆ ಅನ್ನುವುದೇ ಗೊತ್ತಿಲ್ಲ. ಎಲ್ಲಕ್ಕಿಂತ ಒಳಗಿನ ಸಾಲನ್ನು ಬಿಚ್ಚುವ ಕೊಕ್ಕೆಯಿಂದ ಟಕ್ ಟಕ್ ಅಂತ ಬಿಚ್ಚುತ್ತಾ ಹೋಗಿ. ಸಾಲು ಸಾಲಿನ ನಡುವೆ ಕಾಲು ಇಂಚು ಇದ್ದರೆ, ಒಂದು ಪಕ್ಕೆಯಲ್ಲಿ ಮುಂದೆ ಕಾಲು, ಹಿಂದೆ ಕಾಲು, ಒಟ್ಟು ಅರ್ಧ ಇಂಚು ಸಿಗುತ್ತದೆ. ಎರಡೂ ಪಕ್ಕೆಗೆ ಒಂದು ಇಂಚು. ಪಕ್ಕೆಗೆ ಒಂದೊಂದು ಸಾಲು ಬಿಚ್ಚಿದರೆ ಜಂಪರ್ ಒಂದು ಇಂಚು ಸಡಿಲ! ಇದನ್ನು ನಿಮ್ಮ ದನಿಯಲ್ಲೇ ಹೇಳಿ. ಮನೆಯಲ್ಲೇ ಬಿಚ್ಚಿಕೊಳ್ಳುತ್ತಾರೆ, ನನ್ನ ಕೆಲಸ ಹೋಗುತ್ತದೆ ಅಂತ ಹೆದರಬೇಡಿ. ಬಿಚ್ಚಿಕೊಂಡವರು ಬಿಚ್ಚಿಕೊಳ್ಳಲಿ. ಈ ಟೇಲರ್ ಗುಟ್ಟು ಬಿಟ್ಟು ಹೇಳುತ್ತಾಳೆ ಅನ್ನುವ ನಂಬಿಕೆ ಬಂದ ಮೇಲೆ 2,000 ರೂಪಾಯಿ ಆರಿ ಜಂಪರ್ ಯಾರ ಕೈಗೆ ಕೊಡುತ್ತಾರೆ ಹೇಳಿ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಬೇರೆಯವರ ಫೋಟೋ ನಿಮ್ಮ ಪೇಜಿಗೆ ಹಾಕಬೇಡಿ. ಪಿಂಟರೆಸ್ಟ್‌ನಿಂದ ಇಳಿಸಿದ ಹೈದರಾಬಾದ್, ಚೆನ್ನೈ ಡಿಸೈನ್‌ಗಳನ್ನು ತಮ್ಮದೇ ಅನ್ನುವಂತೆ ಹಾಕುವ ಎಷ್ಟೋ ಪೇಜ್ ನೋಡಿದ್ದೇನೆ. ಗಿರಾಕಿ ಅದನ್ನೇ ತೋರಿಸಿ "ಇದೇ ಬೇಕು" ಅಂತ ಕೂತರೆ ಏನು ಮಾಡುತ್ತೀರಿ? ನಿಮ್ಮ 300 ರೂಪಾಯಿ ಕುಚ್ಚಿನ ಸಾದಾ ಫೋಟೋ ಇದಕ್ಕಿಂತ ನೂರು ಪಾಲು ಮೇಲು. ಗಿರಾಕಿಯ ಫೋಟೋ ಹಾಕುವುದಿದ್ದರೆ ಕೇಳಿಯೇ ಹಾಕಿ. ಹೊಸದಾಗಿ ಮದುವೆಯಾದವಳ ಮುಖ ಪೇಜಿನಲ್ಲಿ ಬಂದರೆ ಗಂಡನ ಮನೆಯಲ್ಲಿ ಅವಳಿಗೆ ಮಾತು ಬರಬಹುದು. ಬೆನ್ನಿನ ಕಡೆಯಿಂದ ತೆಗೆಯಿರಿ, ಇಲ್ಲವೇ ಹ್ಯಾಂಗರ್‌ಗೆ ಹಾಕಿ ತೆಗೆಯಿರಿ.

ಈಗ ಆ 214 ಫಾಲೋವರ್ಸ್ ಬಗ್ಗೆ. ನಿಮ್ಮ ಅಕೌಂಟನ್ನು ಪ್ರೊಫೆಷನಲ್ ಅಂತ ಬದಲಿಸಿಕೊಂಡರೆ ಇನ್‌ಸೈಟ್ಸ್‌ನಲ್ಲಿ ಫಾಲೋವರ್ಸ್ ಯಾವ ಯಾವ ಊರಿನವರು ಅಂತ ತೋರಿಸುತ್ತದೆ. ತೆರೆದು ನೋಡಿ. ಗಂಗಾವತಿ, ಕೊಪ್ಪಳ, ಸಿಂಧನೂರು, ಹೊಸಪೇಟೆ ಮೇಲೆ ಇಲ್ಲದೆ ಬೇರೆ ರಾಜ್ಯದ ಊರುಗಳೇ ಕಂಡರೆ, ನಿಮ್ಮನ್ನು ನೋಡುತ್ತಿರುವವರು ಬೇರೆ ಟೇಲರ್‌ಗಳೇ ಇರಬಹುದು. ಟೇಲರ್‌ಗಳ ಪೇಜನ್ನು ಬೇರೆ ಟೇಲರ್‌ಗಳೂ ನೋಡುತ್ತಾರೆ. ಡಿಸೈನ್ ಮೆಚ್ಚುತ್ತಾರೆ, ಲೈಕ್ ಒತ್ತುತ್ತಾರೆ, ಸೀರೆ ತಂದು ಕೊಡುವುದಿಲ್ಲ. 8 ತಿಂಗಳಲ್ಲಿ ಒಂದು ಆರ್ಡರ್ ಬರದೆ ಇರುವುದಕ್ಕೆ ಇದೇ ಕಾರಣ ಇರಬಹುದು. ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತ ಮನಸ್ಸು ಸಣ್ಣ ಮಾಡಿಕೊಳ್ಳಬೇಡಿ.

ಫಾಲೋವರ್ಸ್ ಅಂದಾಗ ನಮ್ಮ ಮನೆಯಲ್ಲೇ ಆದದ್ದು ಹೇಳಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನಮ್ಮ ಸಂಬಂಧಿಕರ ಘಟಕಕ್ಕೆ ನಾನೇ ಮುಂದೆ ನಿಂತು ಒಂದು ಏಜೆನ್ಸಿಗೆ ಪೇಜ್ ಕೆಲಸ ಒಪ್ಪಿಸಿದ್ದೆ. ಮೂರು ತಿಂಗಳಲ್ಲಿ ಸಾವಿರಾರು ಫಾಲೋವರ್ಸ್ ಬಂದರು. ಎಲ್ಲಿಂದ ಅಂತ ನೋಡಿದರೆ ನಮ್ಮ ಪ್ಯಾಂಟ್ ಎಂದೂ ತಲುಪದ ದೇಶಗಳಿಂದ. ಹಣ ಕೊಡುವುದು ನಿಲ್ಲಿಸಿದೆವು. ಆಗ ಗೊತ್ತಾಯಿತು, ಪೇಜ್ ತೆರೆದದ್ದು ಅವರ ಇಮೇಲ್‌ನಲ್ಲಿ, ಪಾಸ್‌ವರ್ಡ್ ಅವರ ಹತ್ತಿರ. ಪೇಜೂ ಹೋಯಿತು, ಅದರಲ್ಲಿದ್ದ ಎರಡು ವರ್ಷದ ಫೋಟೋಗಳೂ ಹೋದವು. ಆ ಫೋಟೋಗಳಿಗಾಗಿ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅದಕ್ಕೇ ಹೇಳುವುದು: ಮುಂದೆ ಯಾರಿಗಾದರೂ ಕೆಲಸ ಕೊಟ್ಟರೂ ನಂಬರು, ಇಮೇಲು, ಪಾಸ್‌ವರ್ಡ್ ನಿಮ್ಮದೇ ಇರಲಿ, ಎರಡು ಹಂತದ ಭದ್ರತೆ ಆನ್ ಮಾಡಿಡಿ.

6,000 ಕೇಳುವವರು ಒಳ್ಳೆಯವರೇ ಇರಬಹುದು. ಆದರೆ ಯಾವ ಮಾತಿಗೆ ನಿಮ್ಮ ಗಿರಾಕಿ ಓಗೊಡುತ್ತಾರೆ ಅನ್ನುವುದು ಸದ್ಯ ನಿಮಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಬ್ಬರಿಗೆ ಒಪ್ಪಿಸಿದರೆ ಅವರು ಹಬ್ಬಕ್ಕೊಂದು ಶುಭಾಶಯದ ಚಿತ್ರ ಹಾಕುತ್ತಾರೆ, ಅಷ್ಟೇ. ನಿಮ್ಮ ಇಬ್ಬರು ಹುಡುಗಿಯರಿಗೆ ಹೇಗೂ ಸಂಬಳ ಕೊಡುತ್ತಿದ್ದೀರಿ. ಅವರಲ್ಲಿ ಫೋನ್ ಚೆನ್ನಾಗಿ ಹಿಡಿಯುವವಳು ಯಾರು ಅಂತ ನಿಮಗೆ ಗೊತ್ತೇ ಇರುತ್ತದೆ. ದಿನಕ್ಕೆ ಒಂದು ಗಂಟೆ ಅವಳಿಗೆ ಇದೇ ಕೆಲಸ ಕೊಡಿ. ಆನ್‌ಲೈನ್‌ನಲ್ಲಿ ನೋಡಿ ಬಂದ ಪ್ರತಿ ಆರ್ಡರ್‌ಗೆ 20 ರೂಪಾಯಿ ಅವಳಿಗೆ ಅಂತ ಮಾತು ಮಾಡಿಕೊಳ್ಳಿ. 6,000ದವರಿಗಿಂತ ಆಸ್ಥೆಯಿಂದ ಮಾಡುತ್ತಾಳೆ.

ಎರಡನೇ ಪ್ರಯೋಗ ಕುಚ್ಚಿನದು. ಒಂದೇ ಸೀರೆ, ಒಂದೇ ಕುಚ್ಚು, ಮೂರು ವಿಡಿಯೋ. ಮೊದಲನೆಯದು ಮುಗಿದ ಕುಚ್ಚಿನಿಂದ ಶುರುವಾಗಲಿ, ಸೆರಗು ಕೈಯಲ್ಲಿ ಹಿಡಿದು ಅಲುಗಾಡಿಸಿದಂತೆ. ಎರಡನೆಯದು ಕೈಯಿಂದ ಶುರುವಾಗಲಿ. ರೇಷ್ಮೆ ದಾರದ ಎಳೆ ರಟ್ಟಿಗೆ ಸುತ್ತುವುದು, ಸೂಜಿಯಲ್ಲಿ ಸೆರಗಿಗೆ ಪೋಣಿಸುವುದು, ಜರಿಯಿಂದ ಅದರ ಕುತ್ತಿಗೆ ಬಿಗಿಯುವುದು, ಕೊನೆಗೆ ಕತ್ತರಿ ಬಂದು ತುದಿ ಒಂದೇ ಸಮ ಕಚಕ್ ಅಂತ ಬೀಳುವುದು. ಮೂರನೆಯದು ತೊಂದರೆಯಿಂದ ಶುರುವಾಗಲಿ. ಕುಚ್ಚು ಹಾಕಿಸದೆ ಉಟ್ಟ ಸೀರೆಯ ಸೆರಗು, ಎಳೆ ಎಳೆಯಾಗಿ ಬಿಟ್ಟುಕೊಂಡು ಕಾಲುಂಗುರಕ್ಕೆ ಸಿಕ್ಕಿಕೊಳ್ಳುತ್ತಿರುವುದು. ಮೂರನ್ನೂ ಬೇರೆ ಬೇರೆ ದಿನ, ಒಂದೇ ಹೊತ್ತಿಗೆ, ಇನ್‌ಸ್ಟಾಗ್ರಾಂಗೂ ವಾಟ್ಸಾಪ್ ಸ್ಟೇಟಸ್‌ಗೂ ಹಾಕಿ. ಲೈಕ್ ಎಣಿಸಬೇಡಿ. ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಎಷ್ಟು ಜನ ಸೇವ್ ಮಾಡಿಕೊಂಡರು, ಎಷ್ಟು ಜನ "ಎಷ್ಟು ರೇಟು?" ಅಂತ ಕೇಳಿದರು, ಇವು ಮೂರನ್ನು ಬರೆದುಕೊಳ್ಳಿ. ನನಗೆ ಮೂರನೆಯದರ ಮೇಲೆ ನಂಬಿಕೆ. ನಿಮ್ಮ ಗಿರಾಕಿ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ವಿಡಿಯೋ ತೆಗೆಯಲು ಹೊಸ ಸಾಮಾನು ಬೇಡ. ಎರಡು ದಾರದ ಡಬ್ಬಿ ಎತ್ತರಕ್ಕೆ ಇಟ್ಟು, ಮೇಲೆ ಮರದ ಅಳತೆ ಪಟ್ಟಿಗಳನ್ನು ಅಡ್ಡ ಹಾಕಿ, ಫೋನನ್ನು ಕ್ಯಾಮೆರಾ ಕೆಳಗೆ ಬರುವಂತೆ ಮಲಗಿಸಿ. ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ಜರಿ ಬಣ್ಣ ಸತ್ತುಹೋಗುತ್ತದೆ. ಆಮೇಲೆ ಗಿರಾಕಿ "ಫೋಟೋದಾಗ ಬ್ಯಾರೆ ಇತ್ತು" ಅನ್ನುತ್ತಾರೆ. ಬಿಸಿನೆಸ್ ಅಕೌಂಟ್‌ಗೆ ಬಹಳಷ್ಟು ಸಿನಿಮಾ ಹಾಡು ಸಿಗುವುದಿಲ್ಲ. ಅದರಿಂದ ನಷ್ಟ ಏನೂ ಇಲ್ಲ. ಮಷಿನ್ ಸದ್ದು ಬರಲಿ, ನಿಮ್ಮ ಮಾತು ಬರಲಿ. ಗಂಗಾವತಿ ಮಾತನ್ನು ಬೆಂಗಳೂರು ಮಾತು ಮಾಡಲು ಹೋಗಬೇಡಿ.

ಹಾಕುವ ಹೊತ್ತು ಮುಖ್ಯ. ನಾಟಿ ಶುರುವಾದ ಮೇಲೆ ಹಳ್ಳಿ ಕಡೆಯ ಹೆಣ್ಣುಮಕ್ಕಳು ಬೆಳಿಗ್ಗೆ ಗದ್ದೆಗೆ ಹೋದರೆ ಬರುವುದು ಸಂಜೆ. ಅಡುಗೆ, ಊಟ ಮುಗಿದು ಫೋನ್ ಹಿಡಿಯುವುದು ರಾತ್ರಿ 8ರ ಮೇಲೆ. ಪೇಟೆಯವರು ಮಧ್ಯಾಹ್ನ ಮಕ್ಕಳು ಸ್ಕೂಲಿಂದ ಬರುವ ಮುಂಚೆ ನೋಡುತ್ತಾರೆ. ಇದು ನನ್ನ ಅಂದಾಜು. ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ ಸ್ಟೇಟಸ್ ಹಾಕಿ ನೋಡಿದರೆ ನಿಮಗೆ ಪಕ್ಕಾ ಆಗುತ್ತದೆ. ಸ್ಟೇಟಸ್ 24 ಗಂಟೆ ಇರುತ್ತದಲ್ಲ, ಯಾವಾಗ ಹಾಕಿದರೇನು ಅನ್ನಬೇಡಿ. ಹೊಸದು ಮೇಲೆ ಬರುತ್ತದೆ, ಹಳೆಯದು ಕೆಳಗೆ ಹೋಗುತ್ತದೆ.

ಊರಿನ ಮನಸ್ಸು ನೋಡಿಕೊಂಡು ಹಾಕಬೇಕು ಅನ್ನುವುದನ್ನೂ ಮರೆಯಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಜಿಲ್ಲೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ನೀರು ಹೋದರೆ ಬೆಳೆ ಹೋಯಿತು ಅಂತ ಮನೆ ಮನೆಯಲ್ಲೂ ಆತಂಕ. ಅಂಥ ವಾರದಲ್ಲಿ ಮೊದಲೇ ಸಿದ್ಧ ಮಾಡಿಟ್ಟ ಹಬ್ಬದ ಜಾಹೀರಾತು ಓಡಿದರೆ ನೋಡುವವರಿಗೆ ನೋವಾಗುತ್ತದೆ. ಒಂದು ವಾರ ನಿಲ್ಲಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಇವತ್ತೇ ಹಾಕಿಕೊಳ್ಳಿ, ಉಚಿತ. ಕ್ಯಾಟಲಾಗ್‌ನಲ್ಲಿ ನಿಮ್ಮ 10 ಕೆಲಸ, ರೇಟಿನ ಜೊತೆ ಹಾಕಿ. ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ (ಒಂದೇ ಮೆಸೇಜ್ ಒಮ್ಮೆಗೇ ಹಲವರಿಗೆ ಕಳಿಸುವ ಪಟ್ಟಿ) 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತದೆ. ನೀವು ಅವರ ನಂಬರ್ ಇಟ್ಟುಕೊಂಡರೆ ಸಾಲದು. ಹೊಲಿದ ಜಂಪರ್ ಕೈಗೆ ಕೊಡುವಾಗ ಅಲ್ಲೇ ನಿಂತು ಸೇವ್ ಮಾಡಿಸಿ. "ಟೇಲರ್ ಅಕ್ಕ" ಅಂತಲೇ ಮಾಡಿಕೊಳ್ಳಲಿ. ಈ ಒಂದು ಅಭ್ಯಾಸ ಖಾಲಿ ತಿಂಗಳಲ್ಲಿ ಹುಡುಗಿಯರಿಗೆ ಬಾಯಿಪಾಠ ಮಾಡಿಸಿ, ಸೀಸನ್‌ನಲ್ಲಿ ಕೈ ಹಿಡಿಯುತ್ತದೆ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಇದೆಯಾ? ನೀವು ಬರೆದಿಲ್ಲ. ಇಲ್ಲದಿದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ಇದಕ್ಕೂ ದುಡ್ಡು ಬೇಡ. ಅಂಗಡಿ ನಿಮ್ಮದೇ ಅಂತ ತೋರಿಸಲು ವಿಡಿಯೋ ಕೇಳಬಹುದು. ಬೋರ್ಡು, ರಸ್ತೆ, ಮಷಿನ್, ಶಟರ್ ತೆಗೆಯುವುದು ಎಲ್ಲಾ ಕಾಣುವಂತೆ ತೆಗೆದು ಕಳಿಸಿ. ಬೋರ್ಡ್ ಮೇಲಿರುವ ಹೆಸರೇ ಹಾಕಿ. ಹೆಸರಿನ ಹಿಂದೆ "ಬೆಸ್ಟ್ ಬ್ಲೌಸ್ ಗಂಗಾವತಿ" ಅಂತೆಲ್ಲ ಬಾಲ ಕಟ್ಟಿದರೆ ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ನಿಂತುಹೋಗಬಹುದು. ರಿವ್ಯೂ ಬರೆದರೆ 50 ರೂಪಾಯಿ ಕಡಿಮೆ ಅನ್ನುವುದೂ ತಪ್ಪು. ಖುಷಿಯಾದವರಿಗೆ ಸುಮ್ನೆ ಬಾಯಿಬಿಟ್ಟು ಕೇಳಿ, ಬರೆಯುತ್ತಾರೆ.

ದುಡ್ಡು ಕೊಟ್ಟು ಜಾಹೀರಾತು ಮಾಡುವುದು ಕೊನೆಗೆ, ಪುಕ್ಕಟೆ ಹಾಕಿದ ವಿಡಿಯೋಗಳಲ್ಲಿ ಒಂದಕ್ಕೆ ನಿಜವಾಗಿ ವಿಚಾರಣೆ ಬಂದ ಮೇಲೆ. ಅದೇ ವಿಡಿಯೋಗೆ ದಿನಕ್ಕೆ 150ರಂತೆ 4 ದಿನ ಹಾಕಿ. 600 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 108, ಒಟ್ಟು 708. ಒತ್ತಿದರೆ ನೇರ ವಾಟ್ಸಾಪ್‌ಗೆ ಬರುವಂತೆ ಇಡಿ. 12 ಜನ ವಿಚಾರಿಸಿದರು, 3 ಜನ ಕೆಲಸ ಕೊಟ್ಟರು ಅನ್ನಿ. ಒಂದು ವಿಚಾರಣೆಗೆ 59 ರೂಪಾಯಿ, ಒಂದು ಆರ್ಡರ್‌ಗೆ 236 ರೂಪಾಯಿ ಬಿತ್ತು. 300 ರೂಪಾಯಿ ಕುಚ್ಚಿಗೆ ಇದು ಶುದ್ಧ ನಷ್ಟ. ಆರಿ ವರ್ಕ್‌ಗೆ ಲಾಭ. ಹಾಗಾಗಿ ಸಾದಾ ಜಂಪರ್‌ಗೆ ಎಂದೂ ಜಾಹೀರಾತು ಕೊಡಬೇಡಿ. 250 ರೂಪಾಯಿ ಹೊಲಿಗೆಗೆ ಸಿಂಧನೂರಿನಿಂದ ಯಾರೂ ಬಸ್ ಹತ್ತಿ ಬರುವುದಿಲ್ಲ, ಆರಿ ಕೆಲಸಕ್ಕೆ ಬಂದಾರು. ಜಾಹೀರಾತು ತೋರಿಸಲು ಕಾರಟಗಿ, ಸಿಂಧನೂರು, ಕಂಪ್ಲಿ ಇಷ್ಟು ಊರುಗಳನ್ನು ಆರಿಸಿಕೊಂಡರೆ ಸಾಕು. ಕಂಪ್ಲಿ ವಿಷಯದಲ್ಲಿ ಒಂದು ಕಣ್ಣು ಹೊಳೆ ಮೇಲಿರಲಿ. ಡ್ಯಾಂನಿಂದ ನೀರು ಜಾಸ್ತಿ ಬಿಟ್ಟು ಸೇತುವೆ ಮುಳುಗಿದರೆ ಆ ಕಡೆಯವರು ಬರಲು ಆಗುವುದಿಲ್ಲ. ಆ ದಿನ ಕಂಪ್ಲಿ ತೆಗೆದುಬಿಡಿ, ನೀರು ಇಳಿದ ಮೇಲೆ ಮತ್ತೆ ಸೇರಿಸಿ.

ಲೆಕ್ಕಕ್ಕೆ ಒಂದು 40 ಪುಟದ ನೋಟ್‌ಬುಕ್ ಸಾಕು. ದಿನಾಂಕ, ಏನು ಹಾಕಿದಿರಿ, ಯಾವುದನ್ನು ಬದಲಿಸಿದಿರಿ, ಎಷ್ಟು ಜನ ಕೇಳಿದರು, ಎಷ್ಟು ಜನ ಬಂದರು, ಎಷ್ಟು ದುಡ್ಡು. ಅಂಗಡಿಗೆ ಬಂದ ಪ್ರತಿಯೊಬ್ಬರನ್ನೂ "ಎಲ್ಲಿ ನೋಡಿದ್ರಿ?" ಅಂತ ಕೇಳಿ. ಒಮ್ಮೆಗೆ ಒಂದನ್ನೇ ಬದಲಿಸಿ. ಹೊತ್ತೂ ಬದಲಿಸಿ, ವಿಡಿಯೋನೂ ಬದಲಿಸಿದರೆ ಯಾವುದರಿಂದ ಆಯಿತು ಅಂತ ಹೇಗೆ ಗೊತ್ತಾಗುತ್ತದೆ? ಒಂದಕ್ಕೆ 3 ಜನ, ಇನ್ನೊಂದಕ್ಕೆ 2 ಜನ ಬಂದರೆ ಅದನ್ನು ಗೆಲುವು ಅನ್ನಬೇಡಿ. ಮಳೆ ಬಂದ ದಿನ, ಸಂತೆ ದಿನ ಅಂತಲೂ ಇಷ್ಟು ಏರುಪೇರು ಆಗುತ್ತದೆ. ಅದನ್ನೇ ಇನ್ನೊಮ್ಮೆ ಮಾಡಿ ನೋಡಿ. 2 ಮತ್ತು 9ರ ವ್ಯತ್ಯಾಸ ಇದ್ದರೆ ಮಾತ್ರ ನಂಬಿ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ. ಟೇಲರ್ ಅಂದ ಕೂಡಲೇ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಬರುವ ದೂರು ಯಾವುದು ಹೇಳಿ. ರೇಟು ಅಲ್ಲ. "ನಾಳಿ ಬರ್ರಿ ಅಂತಾರ, ನಾಳಿ ಹೋದ್ರ ಇನ್ನೂ ಕತ್ತರಿಸೇ ಇರಂಗಿಲ್ಲ." ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಉಂಡಿ, ತಂಬಿಟ್ಟು, ಜೋಕಾಲಿ, ಹೊಸ ಸೀರೆ. ನಾಗರ ಅಮಾವಾಸ್ಯೆ ಆದ ಐದನೇ ದಿನಕ್ಕೆ ಹಬ್ಬ. ಆ ಐದು ದಿನದಲ್ಲಿ ಎಲ್ಲರೂ ಒಟ್ಟಿಗೆ ನಿಮ್ಮ ಅಂಗಡಿಗೆ ನುಗ್ಗುತ್ತಾರೆ. ಅರ್ಧ ಜನಕ್ಕೆ ನೀವು ಹೊತ್ತಿಗೆ ಕೊಡಲು ಆಗುವುದಿಲ್ಲ. ಆ ನೂಕುನುಗ್ಗಲನ್ನು ಹಿಂದಕ್ಕೆ, ಖಾಲಿ ಆಷಾಢಕ್ಕೆ ತನ್ನಿ. ರಿಯಾಯಿತಿ ಬದಲು ತಾರೀಖು ಕೊಡಿ. "ಈ ವಾರ ಸೀರೆ ಕೊಟ್ಟರೆ ಜಂಪರ್ ಇಂಥ ದಿನ ಕೈಗೆ. ಒಂದು ದಿನ ತಡವಾದರೆ ಹೊಲಿಗೆ ದುಡ್ಡು ಬೇಡ." ಕೈ ಖಾಲಿ ಇರುವ ತಿಂಗಳಲ್ಲಿ ಈ ಮಾತು ಉಳಿಸಿಕೊಳ್ಳುವುದು ನಿಮಗೆ ಸುಲಭ. ದುಡ್ಡು ಗದ್ದೆಯಲ್ಲಿದೆ ಅನ್ನುವವರಿಂದ ಈಗ 100 ಮಾತ್ರ ತೆಗೆದುಕೊಳ್ಳಿ, ಉಳಿದದ್ದು ಜಂಪರ್ ಒಯ್ಯುವಾಗ. ದಿನಕ್ಕೆ 6 ಜಂಪರ್ ಆಗುತ್ತದೆ ಅಂದರೆ 6 ಹೆಸರು ಬರೆದು ಆ ದಿನ ಮುಚ್ಚಿಬಿಡಿ. ಅಂಗಡಿಯ ಕಪ್ಪುಹಲಗೆಯಲ್ಲಿ ಯಾವ ದಿನ ಎಷ್ಟು ಜಾಗ ಉಳಿದಿದೆ ಅಂತ ಚಾಕ್‌ನಿಂದ ಬರೆದು, ಅದರ ಫೋಟೋವನ್ನೇ ದಿನಾ ರಾತ್ರಿ ಸ್ಟೇಟಸ್‌ಗೆ ಹಾಕಿ. ಇದಕ್ಕಿಂತ ಒಳ್ಳೆಯ ಪೋಸ್ಟರ್ ಯಾವ ಏಜೆನ್ಸಿಯೂ ಮಾಡಿಕೊಡುವುದಿಲ್ಲ.

ಸೀರೆ ಕೈಗೆ ಬಂದ ಕೂಡಲೇ ತಾರೀಖು ಬರೆದ ಚೀಟಿ ಅದಕ್ಕೆ ಪಿನ್ ಮಾಡಿ. ಚೀಟಿ ಸಮೇತ ಸೀರೆಯ ಫೋಟೋ ಗಿರಾಕಿಯ ವಾಟ್ಸಾಪ್‌ಗೆ ಕಳಿಸಿ. ಜಂಪರ್ ಮುಗಿದ ದಿನ ಅದೇ ಚೀಟಿಯನ್ನು ಜಂಪರ್ ಪಕ್ಕ ಇಟ್ಟು ಇನ್ನೊಂದು ಫೋಟೋ ಕಳಿಸಿ. ಅವರು ಒಪ್ಪಿದರೆ ಎರಡೂ ಫೋಟೋ ಪೇಜಿಗೆ ಹಾಕಿ. ಹಲಗೆ ಇಲ್ಲದಿದ್ದರೆ ರಟ್ಟಿನ ಮೇಲೆ ಬರೆದರೂ ನಡೆಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಮೊದಲ 6 ಹೆಸರಿಗೆ ಗೆರೆ ಎಳೆದಿಡಿ. ನಾಗರ ಅಮಾವಾಸ್ಯೆ ದಿನ ನೋಟ್‌ಬುಕ್ ಪುಟಗಳ ಫೋಟೋ ತೆಗೆದು ನನಗೆ ಕಳಿಸಿ. ಶ್ರಾವಣದಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಅಂತ ಕೂತು ನೋಡೋಣ.